ಅವ್ವನ ಹಲ್ಲಿಗೆ ಅಜ್ಜಿ ಕೊಟ್ಟ ತಾರೀಖುಗಳು

ಮೊನ್ನೆ ರಾಮದಾಸಪೇಠದ ಒಂದು ದವಾಖಾನೆಯಲ್ಲಿ ನನ್ನ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿದರು. ಬೆಳಗ್ಗೆ ಹೋಗಿ ಕುರ್ಚಿಗೆ ಒರಗಿದವಳು ಊಟದ ಹೊತ್ತಿಗೆ ಎದ್ದು ಬಂದೆ. ಇನ್ನು ಯಾವಾಗ ಬರಬೇಕು ಎಂದು ಕೇಳಿದರೆ, ಕೌಂಟರಿನ ಹುಡುಗಿ ಕಂಪ್ಯೂಟರಿನಿಂದ ಮುಖ ಎತ್ತದೆ, ಬೇರಿನ ಕೆಲಸ ಇವತ್ತೇ ಮುಗಿಯಿತು, ಕ್ಯಾಪ್ ಹಾಕಿಸಿಕೊಳ್ಳಲು ಒಮ್ಮೆ ಬಂದರೆ ಸಾಕು, ಮೊಬೈಲಿಗೆ ಮೆಸೇಜ್ ಬರುತ್ತದೆ ಎಂದಳು. ಅಯ್ಯೋ, ಇಷ್ಟು ಬೇಗ ಮುಗಿದೇ ಹೋಯಿತಲ್ಲ ಎಂದು ಬೇಜಾರು ಮಾಡಿಕೊಂಡವಳು ಇಡೀ ನಾಗಪುರದಲ್ಲಿ ನಾನೊಬ್ಬಳೇ ಇರಬೇಕು. ನೋವಿನ ಕೆಲಸ ಬೇಗ ಮುಗಿದರೆ ಸಂತೋಷ ಪಡಬೇಕಾದ್ದು ಸರಿಯೇ. ಆದರೆ ನಮ್ಮವ್ವನ ಒಂದೇ ಒಂದು ಹಲ್ಲು ಮುಗಿಯಲು ದಸರೆಯಿಂದ ಹೋಳಿಯತನಕ ಹಿಡಿದಿತ್ತು. ಅಷ್ಟು ದಿನ ಯಾಕೆ ಹಿಡಿಯಿತು ಅನ್ನುವುದನ್ನು ನೆನೆದರೆ ಈಗಲೂ ನನಗೆ ನಗು ಬರುತ್ತದೆ.

ಅಪ್ಪ ರೈಲ್ವೆಯಲ್ಲಿ ಗೂಡ್ಸ್ ಗಾರ್ಡ್ ಆಗಿದ್ದರು. ಹುಬ್ಬಳ್ಳಿಯಿಂದ ಇಲ್ಲಿಗೆ ವರ್ಗವಾದಾಗ ನಾವು ಅಜನಿಯ ಕ್ವಾರ್ಟರ್ಸಿಗೆ ಬಂದೆವು. ಎಡಗಡೆ ಮನೆಯವರು ತೆಲುಗರು, ಬಲಗಡೆಯವರು ಛತ್ತೀಸ್‌ಗಢದವರು, ಎದುರಿನವರು ಮರಾಠಿ. ಎಲ್ಲರೂ ಒಳ್ಳೆಯವರೇ. ಆದರೆ ಅವ್ವನ ಹಿಂದಿ ತರಕಾರಿಗೆ ಮತ್ತು ಗ್ಯಾಸ್ ಸಿಲಿಂಡರಿಗೆ ಸಾಲುವಷ್ಟು ಮಾತ್ರ ಇತ್ತು. ಅಪ್ಪ ರಾತ್ರಿಯೆಲ್ಲ ಡ್ಯೂಟಿ ಮಾಡಿ ಬಂದು ಹಗಲು ಮಲಗುತ್ತಿದ್ದರು. ನಾನು ಒಂದು ಶಾಲೆಯಲ್ಲಿ ಟೀಚರ್ ಆಗಿದ್ದೆ. ಮಕ್ಕಳ ಗದ್ದಲ ಕೇಳಿ ಕೇಳಿ ಸಂಜೆ ಮನೆಗೆ ಬಂದರೆ ನನಗೆ ಯಾರ ಮಾತೂ ಬೇಡವಾಗುತ್ತಿತ್ತು. ನಾನು ಬಾಗಿಲೊಳಗೆ ಕಾಲಿಟ್ಟ ಕೂಡಲೇ ಅವ್ವ ಬೆಳಗಿನಿಂದ ಕೂಡಿಟ್ಟ ಮಾತನ್ನೆಲ್ಲ ನಲ್ಲಿ ಬಿಟ್ಟ ಹಾಗೆ ಬಿಡುತ್ತಿದ್ದಳು. ಹೇಳಿ ಕೇಳಿ ನಾನು ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವಳು. ಚಹಾ ಕುಡಿಯುವತನಕ ಸುಮ್ಮನಿರವ್ವಾ ಎಂದು ರೇಗುತ್ತಿದ್ದೆ. ಚಹಾ ಮುಗಿಯುವಷ್ಟರಲ್ಲಿ ಅವಳು ಅಡುಗೆಗೆ ಎದ್ದಿರುತ್ತಿದ್ದಳು.

ಆ ವರ್ಷ ದಸರೆಯಾದ ಮೇಲೆ ಅವ್ವನ ಬಲಗಡೆಯ ದವಡೆ ಹಲ್ಲು ನೋಯಲು ಶುರುವಾಯಿತು. ಎಡಗಡೆಯವನ್ನು ಹುಬ್ಬಳ್ಳಿಯಲ್ಲೇ ಕೀಳಿಸಿಕೊಂಡು ಬಂದಿದ್ದಳು. ಖಡಕ್ ರೊಟ್ಟಿ, ಶೇಂಗಾ, ಹುರಿಗಡಲೆ, ಏನು ಅಗಿಯುವುದಿದ್ದರೂ ಈ ಒಂದು ಹಲ್ಲೇ ಗತಿ. ಲವಂಗ ಇಟ್ಟಳು, ಉಪ್ಪುನೀರು ಮುಕ್ಕಳಿಸಿದಳು, ಅರಿಸಿನ ಹಚ್ಚಿದಳು. ಯಾವುದಕ್ಕೂ ಜಗ್ಗಲಿಲ್ಲ. ಅಪ್ಪನ ಜೊತೆಯವರೊಬ್ಬರು ಹಳೇ ಊರಿನ ಮಹಾಲ್ ಪೇಟೆಯಲ್ಲಿರುವ ಒಬ್ಬ ಡಾಕ್ಟರಬಾಯಿಯ ಹೆಸರು ಹೇಳಿದರು. ನಾನು ಅರ್ಧ ದಿನ ರಜೆ ಹಾಕಿ ಅವ್ವನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೊರಟೆ. ಮಹಾಲ್‌ನ ಗಲ್ಲಿಗಳಲ್ಲಿ ಎದುರಿಗೆ ಬರುವ ಗಾಡಿಯವರೆಲ್ಲ ತಾವೇ ಮೊದಲು ಹೋಗಬೇಕು ಅನ್ನುವವರು. ಒಂದಿಬ್ಬರಿಗೆ ಬೈದುಕೊಂಡೇ ಡಾಕ್ಟರಬಾಯಿಯ ಹಳೆಯ ವಾಡೆ ಮನೆಯನ್ನು ಹುಡುಕಿದೆ. ಮುಂದಿನ ಪಡಸಾಲೆಯಲ್ಲಿ ಪೇಶಂಟುಗಳು ಕೂರಲು ಬೆಂಚು, ಪಕ್ಕದ ಕೋಣೆಯಲ್ಲಿ ದವಾಖಾನೆ, ಒಳಗೆ ಮನೆ.

ಬೆಂಚಿನ ಮೇಲೆ ಕೂತ ಅವ್ವ ಕೆನ್ನೆ ಹಿಡಿದುಕೊಂಡು, ಅಯ್ಯೋ ಯವ್ವಾ, ಎಂದು ನರಳಿದಳು. ಮೂಲೆಯ ಮರದ ಕುರ್ಚಿಯ ಮೇಲೆ ಮೆಂತ್ಯೆ ಸೊಪ್ಪು ಸೋಸುತ್ತಿದ್ದ ಒಬ್ಬ ಅಜ್ಜಿಯ ಕೈ ಅಲ್ಲೇ ನಿಂತಿತು.

“ಯಾವೂರವ್ವಾ ನಿಂದು?”

ಅವ್ವ ಕೆನ್ನೆಯಿಂದ ಕೈ ತೆಗೆದಳು. ಅಷ್ಟು ಹೊತ್ತು ಬಾಯಿ ಬಿಡಲೂ ಆಗುವುದಿಲ್ಲ ಎನ್ನುತ್ತಿದ್ದವಳು ಹುಬ್ಬಳ್ಳಿ ಅಂದಳು, ತವರು ಕುಂದಗೋಳದ ಹತ್ತಿರ ಅಂದಳು, ಇಲ್ಲಿಗೆ ಬಂದು ಇಷ್ಟು ವರ್ಷವಾಯಿತು, ಮಳಿಗಾಲದಾಗೂ ಧಗಿ ಹೋಗಂಗಿಲ್ಲರಿ ಅಂದಳು. ಅಜ್ಜಿ ಸೊಲ್ಲಾಪುರದವರು. ಡಾಕ್ಟರಬಾಯಿಯ ತಾಯಿ. ಗಂಡ ತೀರಿಕೊಂಡ ಮೇಲೆ ಮಗಳ ಜೊತೆ ಇರಲು ಬಂದಿದ್ದರು. ‘ಇದೆ’ ಎನ್ನಲು ಅವರದು ‘ಅದ’ ಕನ್ನಡ, ನಮ್ಮದು ‘ಐತಿ’ ಕನ್ನಡ, ಆದರೂ ಎಷ್ಟೋ ವರ್ಷದ ಪರಿಚಯದವರ ಹಾಗೆ ಇಬ್ಬರೂ ಕೂಡಿಬಿಟ್ಟರು. ಅವ್ವನ ಸರದಿ ಬಂದು ಒಳಗಿನಿಂದ ಕರೆದಾಗ ಅವಳಿಗೆ ಎದ್ದು ಹೋಗಲು ಮನಸ್ಸೇ ಇರಲಿಲ್ಲ.

ಡಾಕ್ಟರಬಾಯಿ ನಲವತ್ತರ ಆಸುಪಾಸಿನ ಚುರುಕಿನ ಹೆಂಗಸು. ಹುಟ್ಟಿದ್ದು ಕನ್ನಡದ ಮನೆಯಲ್ಲೇ. ಆದರೆ ಶಾಲೆ, ಕಾಲೇಜು, ಗಂಡ, ಮಕ್ಕಳು ಎಲ್ಲ ಮರಾಠಿ. ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆ ಆಕೆ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದರು. ನಮ್ಮ ಜೊತೆಗೂ ಅಷ್ಟೇ. ಒಂದು ಕನ್ನಡ ಶಬ್ದವನ್ನೂ ಆಕೆಯ ಬಾಯಿಂದ ನಾವು ಕೇಳಲಿಲ್ಲ. ತಿಳಿಯುವುದೆಲ್ಲ ತಿಳಿಯುತ್ತಿತ್ತು, ಆಡುವುದು ಮಾತ್ರ ಯಾವಾಗಲೋ ಬಿಟ್ಟುಹೋಗಿತ್ತು. ಮನೆಗೆ ಮರಳುವಾಗ ಅವ್ವ ಸ್ಕೂಟಿಯ ಮೇಲೆ ಹಿಂದಿನಿಂದ ನನ್ನ ಕಿವಿಯಲ್ಲಿ ಪಾಪ ಅಂದಳು. ಯಾರಿಗೆ ಪಾಪ ಅಂದಳೋ, ತಾಯಿಗೋ ಮಗಳಿಗೋ, ನಾನು ಕೇಳಲಿಲ್ಲ.

ಆ ದಿನ ಡಾಕ್ಟರಬಾಯಿ ಹಲ್ಲನ್ನು ತೆರೆದು ಒಳಗಿನ ಕೊಳೆ ತೆಗೆದು, ಔಷಧಿ ಇಟ್ಟು, ಮೇಲೆ ತಾತ್ಕಾಲಿಕ ಸಿಮೆಂಟು ತುಂಬಿದರು. ನೋವು ಹೋಗುತ್ತದೆ, ಆದರೆ ನೋವು ಹೋಯಿತೆಂದು ಕೆಲಸ ಮುಗಿಯಿತು ಅಂದುಕೊಳ್ಳಬೇಡಿ ಎಂದು ತಾಕೀತು ಮಾಡಿದರು. ಈ ಸಿಮೆಂಟು ಬಹಳ ದಿನ ನಿಲ್ಲುವುದಿಲ್ಲ, ಬಿರುಕು ಬಿಟ್ಟರೆ ಒಳಗೆ ಮತ್ತೆ ಕೀವು ಕಟ್ಟುತ್ತದೆ, ಆಮೇಲೆ ಕೀಳುವುದೊಂದೇ ದಾರಿ ಅಂದರು. ನಾವು ಹೊರಗೆ ಬಂದೆವು. ಒಳಗೆ ಅವರು ಆಗಲೇ ಮುಂದಿನ ಪೇಶಂಟಿನ ಬಾಯಿಗೆ ಕೈ ಹಾಕಿದ್ದರು. ಅಲ್ಲಿಂದಲೇ ತಾಯಿಗೆ ಏನೋ ಕೂಗಿ ಹೇಳಿದ್ದು ಮಷಿನ್ನಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.

ಆ ದವಾಖಾನೆಯಲ್ಲಿ ತಾರೀಖು ಕೊಡುವ ಕೆಲಸ ಅಜ್ಜಿಯದು. ಗೋಡೆಯ ಮರಾಠಿ ಕ್ಯಾಲೆಂಡರಿನ ಎದುರು ನಿಂತು, ಕನ್ನಡಕ ಏರಿಸಿ, ಬೆರಳು ಓಡಿಸಿ ಅವರು ದಿನ ನೋಡುತ್ತಿದ್ದರು. ಮಂಗಳವಾರ ಬಾಯಿಗೆ ಕಬ್ಬಿಣ ತಾಗಿಸಬಾರದು. ಅಮಾವಾಸ್ಯೆ ಕೂಡದು. ಸಂಕಷ್ಟಿಯ ದಿನ ಉಪವಾಸ ಇರುವವರು ಗುಳಿಗೆ ಹೇಗೆ ನುಂಗುತ್ತಾರೆ? ಅದರ ಮುಂದೆ ದೀಪಾವಳಿ ಬಂತು, ಹಬ್ಬದಲ್ಲಿ ಬಾಯಿ ನೋಯಿಸಿಕೊಳ್ಳುವುದು ಯಾಕೆ? ದೀಪಾವಳಿ ಆಗಲಿ, ನಿಧಾನಕ್ಕೆ ಬರ್ರಿ ಅಂದರು. ನನಗೆ ಆಶ್ಚರ್ಯವಾಯಿತು. ಆದರೆ ಡಾಕ್ಟರರ ತಾಯಿಯೇ ಹೇಳಿದ ಮೇಲೆ ನಾನು ಯಾರು ಕೇಳಲಿಕ್ಕೆ? ಅವ್ವ ತಲೆ ಅಲ್ಲಾಡಿಸಿ, ಚಲೋ ಆತು ಅಕ್ಕಾರ, ಅಂದಳು.

ಅಲ್ಲಿಂದ ನಮ್ಮ ಮನೆಯ ಹವಾ ಬದಲಾಯಿತು. ತಾರೀಖು ಹತ್ತಿರ ಬಂದಂತೆ ಅವ್ವ ಇಳಕಲ್ ಸೀರೆ ತೆಗೆದು ಇಸ್ತ್ರಿ ಹಾಕಿ ಇಡುತ್ತಿದ್ದಳು. ಹಲ್ಲು ಕೊರೆಸಿಕೊಳ್ಳಲು ಹೋಗುವವರು ಯಾರಾದರೂ ಇಳಕಲ್ ಸೀರೆ ಉಡುತ್ತಾರೆಯೇ ಎಂದು ಅಪ್ಪ ಚೇಷ್ಟೆ ಮಾಡಿದರೆ, ನೀವು ಡ್ಯೂಟಿಗಿ ಹೋಗ್ರಿ ಅನ್ನುತ್ತಿದ್ದಳು. ಸರದಿ ಬರುವುದಕ್ಕೆ ಒಂದು ತಾಸು ಮೊದಲೇ ಅಲ್ಲಿರಬೇಕು. ಸರದಿ ಮುಗಿದ ಮೇಲೆ ಮತ್ತೊಂದು ತಾಸು. ಇಬ್ಬರೂ ಕೂತು ಎಣ್ಣೆಗಾಯಿಗೆ ಗುರೆಳ್ಳು ಎಷ್ಟು ಹಾಕಬೇಕು ಅನ್ನುವುದರಿಂದ ಹಿಡಿದು ಸತ್ತವರು ಕನಸಿನಲ್ಲಿ ಬಂದರೆ ಏನರ್ಥ ಅನ್ನುವವರೆಗೆ ಮಾತಾಡುತ್ತಿದ್ದರು. ಸಿಮೆಂಟು ತುಂಬಿದ ಬಾಯಿಯಲ್ಲೇ ಅವ್ವ ತೊದಲುತ್ತ ಮಾತಾಡುವುದನ್ನು ನೋಡಿ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಶಾಲೆಯಲ್ಲಿ ರಜೆ ಕೇಳುವ ಕಷ್ಟ ನನಗೆ ಗೊತ್ತು.

ಒಂದು ದಿನ ಸಿಟ್ಟಿನಲ್ಲೇ ಕೇಳಿದೆ. ಅಷ್ಟು ಮಾತಾಡಬೇಕು ಅನಿಸಿದರೆ ಸುಮ್ಮನೆ ಒಂದು ಆದಿತ್ಯವಾರ ಅವರ ಮನೆಗೆ ಹೋಗಬಾರದೇ, ಹಲ್ಲನ್ನು ಯಾಕೆ ನಡುವೆ ತರುತ್ತೀ? ಅವ್ವ ನನ್ನನ್ನು ಏನೂ ತಿಳಿಯದ ಕೂಸನ್ನು ನೋಡುವ ಹಾಗೆ ನೋಡಿದಳು. ಬಾ ಅನ್ನದೆ ಒಬ್ಬರ ಮನೆಗೆ ಹೋಗುವುದು ಹೇಗೆ ಅಂದಳು. ಹಾಗಾದರೆ ಅಜ್ಜಿ ಬಾ ಅನ್ನಲಿ ಅಂದೆ. ಅದು ಅಳಿಯನ ಮನೆ, ಅಲ್ಲಿ ಕೂತು ಅವರು ಯಾರನ್ನು ಬಾ ಅಂದಾರು ಅಂದಳು ಅವ್ವ. ನಮ್ಮ ಕಡೆ ಹಾಗೆ. ಮಗಳ ಮನೆಯಲ್ಲಿ ಊಟ ಮಾಡಲೂ ಹಿಂದೆಮುಂದೆ ನೋಡುವ ತಾಯಂದಿರು ಅವರು. ಅಳಿಯ ಒಳ್ಳೆಯವನೇ ಇರಬಹುದು, ದಿನಾ ನಮಸ್ಕಾರ ಮಾಡಬಹುದು. ಆದರೂ ತನ್ನ ಕಡೆಯವರನ್ನು ಕರೆದು ಚಹಾ ಕೊಡುವ ಅಧಿಕಾರ ತನಗಿದೆ ಎಂದು ಆ ಅಜ್ಜಿಗೆ ಅನಿಸುವುದು ಸಾಧ್ಯವಿರಲಿಲ್ಲ. ಪೇಶಂಟು ಬಂದರೆ ಮಾತ್ರ ಯಾರ ಹಂಗೂ ಇಲ್ಲ. ಅವ್ವನಿಗೆ ಆ ಪಡಸಾಲೆಯೊಳಗೆ ಹೋಗಲು ಇದ್ದ ಒಂದೇ ಒಂದು ದಾರಿ ಆ ಹಲ್ಲು. ಹಲ್ಲು ಮುಗಿದರೆ ದಾರಿಯೂ ಮುಗಿಯಿತು. ಅದು ಗೊತ್ತಾದ ಮೇಲೆ ನಾನು ರಜೆಯ ಬಗ್ಗೆ ಗೊಣಗುವುದನ್ನು ಕಡಿಮೆ ಮಾಡಿದೆ, ಪೂರ್ತಿ ಬಿಡಲಿಲ್ಲ.

ಹೀಗೆ ದೀಪಾವಳಿ ಮುಗಿದ ಮೇಲೆ ಒಮ್ಮೆ, ಅದರ ಮುಂದಿನ ತಿಂಗಳು ಮತ್ತೊಮ್ಮೆ ಹೋದೆವು. ಬೇರಿನ ಸಂದುಗಳನ್ನು ಸ್ವಚ್ಛ ಮಾಡಿ ಮತ್ತೆ ಸಿಮೆಂಟು ತುಂಬಿದರು. ಡಾಕ್ಟರಬಾಯಿಯ ಮುಖ ಗಂಟಾಗಿತ್ತು, ನಮ್ಮ ಜೊತೆ ಹೆಚ್ಚು ಮಾತಾಡಲಿಲ್ಲ. ಇವರಿಗೇನು ಸೊಕ್ಕು ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ. ಹೊರಗೆ ಅಜ್ಜಿ ಮತ್ತೆ ಕ್ಯಾಲೆಂಡರಿನ ಎದುರು ನಿಂತರು. ಈ ಸಲ ಧನುರ್ಮಾಸ ಅಡ್ಡ ಬಂತು, ಥಂಡಿಯಲ್ಲಿ ಹಲ್ಲು ಜುಮ್ಮೆನ್ನುತ್ತದೆ ಅನ್ನುವುದೂ ಬಂತು. ಸಂಕ್ರಾಂತಿಯ ಎಳ್ಳುಬೆಲ್ಲ ತಗೊಂಡೇ ಬರ್ರಿ ಅಂದರು. ನಾಗಪುರದ ಚಳಿಗೂ ಹಲ್ಲಿಗೂ ಏನು ಸಂಬಂಧವೋ ದೇವರಿಗೇ ಗೊತ್ತು.

ಸಂಕ್ರಾಂತಿಗೆ ಇನ್ನೂ ದಿನ ಇರುವಾಗಲೇ ಒಂದು ಬೆಳಗ್ಗೆ ಅವ್ವ ಹಾಸಿಗೆಯಿಂದ ಏಳಲಿಲ್ಲ. ಬಲಗೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತ್ತು, ಮೈ ಕೆಂಡದ ಹಾಗೆ ಸುಡುತ್ತಿತ್ತು. ಸಿಮೆಂಟು ಯಾವಾಗ ಬಿದ್ದುಹೋಗಿತ್ತೋ, ಅವಳು ಹೇಳಿರಲಿಲ್ಲ. ತಾರೀಖು ಗೀರೀಖು ನೋಡದೆ ಆಟೋ ಹಿಡಿದು ನೆಟ್ಟಗೆ ಮಹಾಲ್‌ಗೆ ಕರೆದುಕೊಂಡು ಹೋದೆ.

ಡಾಕ್ಟರಬಾಯಿ ನೋಡಿದ ಕೂಡಲೇ ಸಿಡಿದರು. ಪ್ರತಿ ಸಲ ಒಂದು ವಾರ ಎಂದು ಹೇಳಿ ಕಳಿಸುತ್ತೇನೆ, ನೀವು ತಿಂಗಳು ಬಿಟ್ಟು ಮುಖ ತೋರಿಸುತ್ತೀರಿ, ಓದಿದವರು ನೀವು, ತಾಯಿಯ ಬಗ್ಗೆ ಕಾಳಜಿ ಇಲ್ಲವೇ ಎಂದು ಪಡಸಾಲೆಯಲ್ಲಿ ಎಲ್ಲರೆದುರು ಮರಾಠಿಯಲ್ಲಿ ನನಗೆ ಬೈದರು. ನಾನು ಬಿಡುವವಳೇ? ನೀವು ಕೊಟ್ಟ ತಾರೀಖಿಗೆ ಒಂದು ದಿನವೂ ತಪ್ಪದೆ ಬಂದಿದ್ದೇವೆ, ಸಂಕ್ರಾಂತಿ ಅಂದವರು ನೀವು ಎಂದು ನಾನೂ ದನಿ ಏರಿಸಿದೆ. ನಾನು ಯಾವಾಗ ಸಂಕ್ರಾಂತಿ ಅಂದೆ ಅಂದರು ಅವರು. ಆಮೇಲೆ ಇಬ್ಬರೂ ಒಟ್ಟಿಗೆ ಮೂಲೆಯ ಕುರ್ಚಿಯ ಕಡೆ ತಿರುಗಿದೆವು.

ಅಜ್ಜಿ ಹೂಬತ್ತಿ ಹೊಸೆಯುತ್ತಿದ್ದರು. ಹತ್ತಿ ಕೈಯಲ್ಲೇ ಉಳಿಯಿತು. ಮಗಳ ಕಡೆ ನೋಡದೆ, ಅವ್ವನ ಊದಿದ ಕೆನ್ನೆಯ ಕಡೆಯೂ ನೋಡದೆ ನೆಲಕ್ಕೆ ಹೇಳಿದರು.

“ಹಲ್ಲು ಮುಗದ್ರ ಆಕಿ ಬರೂದೂ ಮುಗೀತು. ಮಗಳ ಮನ್ಯಾಗ ಕುಂತು ನಾ ಯಾರನ್ನ ಬಾ ಅನ್ಲಿ?”

ಅಷ್ಟು ಹೊತ್ತು ನೋವಿಗೆ ಮಾತೇ ಹೊರಡದೆ ಕೂತಿದ್ದ ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ಕಷ್ಟಪಟ್ಟು ಹೇಳಿದಳು.

“ಅಕ್ಕಾರಿಗೆ ಏನೂ ಅನಬ್ಯಾಡ್ರಿ. ಒಳಗಿಂದ ನೀವು ವಾರ ಅಂದಿದ್ದು ನನಗ ಕೇಳಿಸಿತ್ತು.”

ಅಂದರೆ ಇವಳಿಗೂ ಗೊತ್ತಿತ್ತು! ಹಿಂದಿ ಬರುವುದಿಲ್ಲ, ಮರಾಠಿ ತಿಳಿಯುವುದಿಲ್ಲ ಎಂದು ನನ್ನನ್ನು ಊರೆಲ್ಲ ಸುತ್ತಿಸುವವಳಿಗೆ ಬೇಕಾದ ಒಂದು ಮಾತು ಬರೋಬರ್ ತಿಳಿದಿತ್ತು. ಇಬ್ಬರೂ ಒಂದು ದಿನವೂ ಬಾಯಿ ಬಿಟ್ಟು ಆಡಿಕೊಳ್ಳದೆ, ಒಬ್ಬರು ತಾರೀಖು ಮುಂದೆ ಹಾಕಿದರು, ಇನ್ನೊಬ್ಬರು ಚಲೋ ಆತು ಅಂದರು. ನನಗೆ ಇಬ್ಬರನ್ನೂ ಕೂರಿಸಿ ಚೆನ್ನಾಗಿ ಬೈಯಬೇಕು ಅನಿಸಿತು. ಆದರೆ ಡಾಕ್ಟರಬಾಯಿಯ ಮುಖ ನೋಡಿ ಸುಮ್ಮನಾದೆ. ಆಕೆ ತಾಯಿಯನ್ನು ಮೊದಲ ಸಲ ನೋಡುತ್ತಿರುವವರ ಹಾಗೆ ನಿಂತಿದ್ದರು. ಅವರಿಗೂ ಸಂಜೆ ಮನೆಗೆ ಬಂದಾಗ ಯಾರ ಮಾತೂ ಬೇಡವಾಗುತ್ತಿತ್ತೋ ಏನೋ.

ಕೀವು ತೆಗೆದರು, ಗುಳಿಗೆ ಕೊಟ್ಟರು. ಹಲ್ಲು ಉಳಿಯುತ್ತದೆ ಎಂದು ಹೇಳಲಾರೆ, ಪ್ರಯತ್ನ ಮಾಡುತ್ತೇನೆ ಅಂದರು. ಇನ್ನು ಮೇಲೆ ತಾರೀಖು ತಾವೇ ಕೊಡುವುದಾಗಿಯೂ ಹೇಳಿದರು. ಅಜ್ಜಿ ಕ್ಯಾಲೆಂಡರಿನ ಕಡೆ ಮುಖ ಕೂಡ ಮಾಡಲಿಲ್ಲ. ನಾವು ಹೊರಡುವಾಗ ಅವ್ವನ ಕೈ ಹಿಡಿದು, ನೀನು ಈ ಹಲ್ಲಿನಿಂದ ರೊಟ್ಟಿ ಮುರಿದು ತಿನ್ನುವತನಕ ನಾನೂ ರೊಟ್ಟಿ ಮುಟ್ಟುವುದಿಲ್ಲ ಅಂದರು. ಹರಕೆ ಹೊತ್ತವರ ಹಾಗೆ ಅಂದರು. ಎರಡು ಹೊತ್ತೂ ಜೋಳದ ರೊಟ್ಟಿಯಿಲ್ಲದೆ ಊಟ ಇಳಿಯದ ಸೊಲ್ಲಾಪುರದ ಜೀವ ಅದು. ಅಳಿಯನ ಮನೆಯ ಮೆತ್ತನೆಯ ಚಪಾತಿ, ಅನ್ನದಲ್ಲೇ ದಿನ ಕಳೆಯಿತು.

ಅಲ್ಲಿಂದ ವಾರ ತಪ್ಪದೆ ಹೋದೆವು. ಪ್ರತಿ ಸಲ ಔಷಧಿ ಬದಲಿಸುವುದು, ಕೀವು ನಿಂತಿತೇ ನೋಡುವುದು. ಒಳಗೆ ಮಷಿನ್ನು ಸದ್ದು ಮಾಡುತ್ತಿದ್ದರೆ ಹೊರಗೆ ಅಜ್ಜಿ ಕಣ್ಣು ಮುಚ್ಚಿ ಕೈಯಲ್ಲಿ ವಿಭೂತಿ ಗಟ್ಟಿ ಹಿಡಿದು ಕೂತಿರುತ್ತಿದ್ದರು. ಆ ವಾರಗಳಲ್ಲಿ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಕಿತ್ತಳೆ ಹಣ್ಣು ಸುಲಿದು ತೊಳೆ ತೊಳೆ ಬಿಡಿಸಿ ಅಜ್ಜಿ ಕೊಡುತ್ತಿದ್ದರು, ಅವ್ವ ಮುಂಭಾಗದ ಹಲ್ಲಿನಲ್ಲಿ ಮೆಲ್ಲಗೆ ರಸ ಹೀರುತ್ತಿದ್ದಳು. ಶಿವರಾತ್ರಿಯ ಹೊತ್ತಿಗೆ ಬಾವು ಪೂರ್ತಿ ಇಳಿಯಿತು. ಬೇರುಗಳನ್ನು ತುಂಬಿ ಮುಚ್ಚಿದರು. ಹೋಳಿಯ ಹಿಂದಿನ ದಿನ ಕ್ಯಾಪ್ ಕೂಡಿಸಿದರು. ಕಚ್ಚಿ ನೋಡಿ ಅಂದರು. ಅವ್ವ ಕಚ್ಚಿದಳು, ನೋಯಲಿಲ್ಲ.

ಅವ್ವ ಅವತ್ತು ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದಳು. ಪಡಸಾಲೆಯ ಬೆಂಚಿನ ಮೇಲೆ ಕೂತು ಇಬ್ಬರೂ ಒಂದೇ ರೊಟ್ಟಿಯನ್ನು ಮುರಿದುಕೊಂಡು ತಿಂದರು. ಕಟುಂ ಕಟುಂ ಸದ್ದಿಗೆ ಕೆನ್ನೆ ಹಿಡಿದು ಕೂತ ಪೇಶಂಟುಗಳೆಲ್ಲ ಹೊಟ್ಟೆ ಉರಿದುಕೊಂಡು ನೋಡಿದರು. ತಿಂದಾದ ಮೇಲೆ ಇಬ್ಬರ ಮುಖವೂ ಸಪ್ಪಗಾಯಿತು. ಹಲ್ಲು ಉಳಿದಿತ್ತು, ಇನ್ನು ಬರಲು ಕಾರಣ ಉಳಿದಿರಲಿಲ್ಲ. ಅವ್ವ ಡಬ್ಬಿ ಮುಚ್ಚಿ ಎದ್ದಳು. ಅಜ್ಜಿ ಏಳಲಿಲ್ಲ.

ಆಗ ಡಾಕ್ಟರಬಾಯಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಈ ತರಹದ ಹಲ್ಲನ್ನು ನಂಬುವ ಹಾಗಿಲ್ಲ, ಹದಿನೈದು ದಿನಕ್ಕೊಮ್ಮೆ ತಪ್ಪದೆ ತೋರಿಸಬೇಕು ಎಂದು ಮರಾಠಿಯಲ್ಲಿ ಗದರಿಸುವ ದನಿಯಲ್ಲೇ ಹೇಳಿದರು. ಕ್ಯಾಪ್ ಹಾಕಿದ ಹಲ್ಲನ್ನು ಹದಿನೈದು ದಿನಕ್ಕೊಮ್ಮೆ ಏನು ನೋಡುತ್ತೀರಿ ಎಂದು ಕೇಳಲು ನಾನು ಬಾಯಿ ತೆರೆದಿದ್ದೆ. ಆಕೆ ನನ್ನನ್ನು ಒಂದು ನೋಟ ನೋಡಿದರು. ನಾನು ಬಾಯಿ ಮುಚ್ಚಿಕೊಂಡೆ. ಅಜ್ಜಿ ಎದ್ದು ಕ್ಯಾಲೆಂಡರಿನ ಹತ್ತಿರ ಹೋದರು. ಮಗಳು ತಡೆಯಲಿಲ್ಲ. ಈ ಸಲ ಮಂಗಳವಾರವೂ ಅಡ್ಡ ಬರಲಿಲ್ಲ, ಅಮಾವಾಸ್ಯೆಯೂ ಅಡ್ಡ ಬರಲಿಲ್ಲ.

ಹಾಗೆ ವರ್ಷಗಟ್ಟಲೆ ಅವ್ವ ಆ ಹಲ್ಲನ್ನು ತೋರಿಸಿದಳು. ನನ್ನ ಮದುವೆಯಾಯಿತು, ಅಪ್ಪ ರಿಟೈರಾದರು, ಊರಿಗೆ ಹೋಗೋಣ ಎಂದು ಅಪ್ಪ ಅಂದಾಗ, ನನ್ನ ಹಲ್ಲು ಇಲ್ಲಿ ಡಾಕ್ಟರ ಕೈಯಾಗ ಐತಿ ಎಂದು ಅವ್ವ ಇಲ್ಲೇ ಮನೆ ಮಾಡಿಸಿದಳು. ನಾನು ಬರಲಾಗದ ದಿನ ಒಬ್ಬಳೇ ಆಟೋ ಹತ್ತಿ, ಗಲ್ಲಿಯೊಳಗೆ ಆಟೋ ಹೋಗದಿದ್ದರೆ ಎರಡು ರಸ್ತೆ ಮೊದಲೇ ಇಳಿದು, ದಾರಿ ಕೇಳಿಕೊಂಡು ಹೋಗುವಷ್ಟು ಗಟ್ಟಿಯಾದಳು.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡರು. ಅವ್ವ ಹೋಗಿ ಕಾಲು ಮುಟ್ಟಿ ಬಂದಳು. ಆಮೇಲೆ ಮಹಾಲ್‌ನ ಹೆಸರು ಎತ್ತಲಿಲ್ಲ. ಹದಿನೈದು ದಿನ ಬಂದು ಹೋಯಿತು, ಮತ್ತೆ ಹದಿನೈದು ದಿನವೂ ಹೋಯಿತು. ಒಂದು ಮಧ್ಯಾಹ್ನ ಅವ್ವನ ಮನೆಗೆ ಹೋದಾಗ ಅವಳು ರೊಟ್ಟಿಯನ್ನು ಬೇಳೆಸಾರಿನಲ್ಲಿ ನೆನೆಸಿ ತಿನ್ನುವುದನ್ನು ಕಂಡೆ. ಹಲ್ಲು ನೋಯುತ್ತದೆಯೇ ಎಂದು ಕೇಳಿದರೆ ಇಲ್ಲ ಅಂದಳು. ಅಗಿಯಾಕ ಬ್ಯಾಸರ ಅಂದಳು.

ಅದೇ ವಾರ ಡಾಕ್ಟರಬಾಯಿಯ ಫೋನು ಬಂತು. ಎಂದಿನ ಮರಾಠಿ, ಎಂದಿನ ಗದರಿಕೆ. ನಿಮ್ಮ ತಾಯಿಯ ತಾರೀಖು ದಾಟಿದೆ, ಯಾಕೆ ಕರೆದುಕೊಂಡು ಬಂದಿಲ್ಲ, ಗುರುವಾರ ಸಂಜೆ ಕಡೆಯ ಪೇಶಂಟಾಗಿ ಬರಬೇಕು ಅಂದರು. ಅವ್ವ ಬರುವುದಿಲ್ಲ ಎಂದು ಹಟ ಹಿಡಿದಳು. ಅಲ್ಲಿ ಯಾರದಾರ ಅಂದಳು. ಡಾಕ್ಟರು ಸಿಟ್ಟಾಗುತ್ತಾರೆ ಎಂದು ಹೆದರಿಸಿ ಎಬ್ಬಿಸಿದೆ. ಇಳಕಲ್ ಸೀರೆ ಉಡಲಿಲ್ಲ, ಮನೆಯಲ್ಲಿ ಉಟ್ಟದ್ದರಲ್ಲೇ ಬಂದಳು.

ಪಡಸಾಲೆ ಖಾಲಿಯಿತ್ತು. ಮೂಲೆಯ ಮರದ ಕುರ್ಚಿ ಅಲ್ಲೇ ಇತ್ತು, ಅವ್ವ ಅದನ್ನು ನೋಡದ ಹಾಗೆ ದಾಟಿ ಒಳಗೆ ಹೋಗಿ, ಹಲ್ಲಿನ ಕುರ್ಚಿಗೆ ಒರಗಿ, ಇಷ್ಟು ವರ್ಷದ ರೂಢಿಯಂತೆ ಕಣ್ಣು ಮುಚ್ಚಿ ದೊಡ್ಡದಾಗಿ ಬಾಯಿ ತೆರೆದಳು. ಡಾಕ್ಟರಬಾಯಿ ಮೇಲಿನ ದೀಪ ಹಚ್ಚಲಿಲ್ಲ, ಕೈಗೆ ಗ್ಲೌಸ್ ಹಾಕಿಕೊಳ್ಳಲಿಲ್ಲ. ಸ್ಟೂಲು ಎಳೆದು ಅವ್ವನ ಪಕ್ಕ ಕೂತರು. ಆಮೇಲೆ ಆಕೆಯ ಬಾಯಿಂದ ನಾನು ಎಂದೂ ಕೇಳದ ಮಾತು ಬಂತು. ತಡೆದು ತಡೆದು, ಶಬ್ದ ಹುಡುಕಿಕೊಂಡು, ಅಜ್ಜಿಯ ದನಿಯಲ್ಲೇ ಬಂತು.

“ಹಲ್ಲು ಚಲೋ ಅದರಿ. ನಾ ನೋಡೂದಿಲ್ಲ. ಅವ್ವ ಹ್ವಾದ ಮ್ಯಾಲೆ ಮನ್ಯಾಗ ಕನ್ನಡ ಕೇಳಸ್ವಲ್ದು. ನೀವು ಒಂದೀಟು ಮಾತಾಡ್ರಿ.”

ಅವ್ವ ಬಾಯಿ ಮುಚ್ಚಿ ಎದ್ದು ಕೂತಳು. ಕೆನ್ನೆ ಊದಿದ ಆ ಒಂದು ದಿನ ಬಿಟ್ಟರೆ ಇಷ್ಟು ವರ್ಷ ಡಾಕ್ಟರ್ ಸಾಬ್, ಆಪ್, ಜೀ ಎಂದು ಹೆದರಿ ಹಿಂದಿಯಲ್ಲೇ ಮಾತಾಡಿಸುತ್ತಿದ್ದವಳು ಆಕೆಯ ಗಲ್ಲ ಹಿಡಿದಳು.

“ಊಟ ಆತೇನ ಮಗಳ?”

ಡಾಕ್ಟರಬಾಯಿ ತಲೆ ತಗ್ಗಿಸಿ, ಇಲ್ಲ ಯವ್ವಾ, ಇನ್ನೂ ಆಗಿಲ್ಲ, ಅಂದರು.